ಕೌನ್ಸಿಲ್ ಮೇಲೆ ದೂರು, ಕೌನ್ಸಿಲ್‌ಗೇ ದೂರು

ಇಂಗ್ಲೆಂಡಿನ ಯಾವುದೋ ಒಂದು ಊರು, ಶುಕ್ರವಾರ ಸಂಜೆ ಅಂತ ಇಟ್ಟುಕೊಳ್ಳಿ. ಒಬ್ಬ ಅಜ್ಜಿಗೆ ಫೋನ್ ಬರುತ್ತದೆ. ಆ ಕಡೆ ಕೌನ್ಸಿಲ್‌ನ ಸೋಶಿಯಲ್ ವರ್ಕರ್. "ನಿಮ್ಮ ಮಗಳ ಮನೆಯಲ್ಲಿ ಪರಿಸ್ಥಿತಿ ಸರಿ ಇಲ್ಲ. ಮಕ್ಕಳು ಇವತ್ತು ರಾತ್ರಿ ಅಲ್ಲಿರೋ ಹಾಗಿಲ್ಲ. ಸ್ವಲ್ಪ ದಿನ ನೀವು ಇಟ್ಟುಕೊಳ್ತೀರಾ?" ಯಾವ ಅಜ್ಜಿ ಆಗಲ್ಲ ಅಂತಾರೆ? ಒಂಬತ್ತು ಗಂಟೆಗೆ ಇಬ್ಬರು ಮೊಮ್ಮಕ್ಕಳು ಪ್ಲಾಸ್ಟಿಕ್ ಚೀಲ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ಸ್ವಲ್ಪ ದಿನ ಅಂದದ್ದು ಎಂಟು ತಿಂಗಳಾಗುತ್ತದೆ. ಅಜ್ಜಿ ಕೆಲಸ ಬಿಡುತ್ತಾರೆ, ಕೈಸಾಲ ಮಾಡುತ್ತಾರೆ. ಕೊನೆಗೆ ಒಂದು ದಿನ ಕೌನ್ಸಿಲ್‌ಗೆ ಫೋನ್ ಮಾಡಿ, ಫಾಸ್ಟರ್ ಕೇರ್ ಮನೆಯವರಿಗೆ, ಅಂದರೆ ಕೌನ್ಸಿಲ್ ಪರವಾಗಿ ಮಕ್ಕಳನ್ನು ಮನೆಯಲ್ಲಿಟ್ಟು ಸಾಕುವವರಿಗೆ, ಕೊಡುವ ಭತ್ಯೆ ನನಗೂ ಸಿಗುತ್ತಾ ಅಂತ ಕೇಳುತ್ತಾರೆ. ಉತ್ತರ ತಕ್ಷಣ ಬರುತ್ತದೆ. "ಅದು ನಿಮ್ಮ ಕುಟುಂಬದವರು ಮಾಡಿಕೊಂಡ ಏರ್ಪಾಡು. ಅದರಲ್ಲಿ ನಮ್ಮದೇನೂ ಇಲ್ಲ."

ಈ ಅಜ್ಜಿ ನಾನು ಕಟ್ಟಿಕೊಂಡವರು. ಆದರೆ ಇಂಥ ಕಥೆಗಳು ಅಲ್ಲಿನ ಒಂಬುಡ್ಸ್‌ಮನ್, ಅಂದರೆ ಕೌನ್ಸಿಲ್‌ಗಳ ಮೇಲಿನ ದೂರು ವಿಚಾರಿಸುವ ಹೊರಗಿನ ಸಂಸ್ಥೆಯ, ನಿರ್ಧಾರಗಳಲ್ಲಿ ಮತ್ತೆ ಮತ್ತೆ ಸಿಗುತ್ತವೆ. ಹಾಗಾಗಿ ಈ ಅಜ್ಜಿಯ ಜೊತೆಗೇ ನಡೆದು, ಅವರ ದೂರು ಎಲ್ಲೆಲ್ಲಿ ಹೋಗಿ ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತದೆ ನೋಡೋಣ.

ಮೊದಲು ಕೌನ್ಸಿಲ್ ಅಂದರೇನು ಅಂತ ಹೇಳಿಬಿಡುತ್ತೇನೆ. ನಮ್ಮ ನಗರಸಭೆ ಚರಂಡಿ, ಕಸ, ಬೀದಿದೀಪ ನೋಡಿಕೊಳ್ಳುತ್ತದೆ. ಮಗುವನ್ನು ಮನೆಯಿಂದ ಕರೆದೊಯ್ಯುವ ಮಾತು ಅದಕ್ಕೆ ಸಂಬಂಧಿಸಿದ್ದಲ್ಲ, ನಮ್ಮಲ್ಲಿ ಅದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಕೆಲಸ. ಇಂಗ್ಲೆಂಡಿನಲ್ಲಿ ಹಾಗಲ್ಲ. ಕಸ ಎತ್ತುವ ಕೌನ್ಸಿಲೇ ಬಹಳಷ್ಟು ಊರುಗಳಲ್ಲಿ ಮಕ್ಕಳ ಆರೈಕೆಯನ್ನೂ ನೋಡುತ್ತದೆ. ಈ ಜವಾಬ್ದಾರಿ ಇರುವ ಕೌನ್ಸಿಲ್‌ಗಳು 153. 2024ರ ಮಾರ್ಚ್ 31ಕ್ಕೆ ಇವುಗಳ ಆರೈಕೆಯಲ್ಲಿದ್ದ ಮಕ್ಕಳು ಸುಮಾರು 83,600. ಅಷ್ಟು ಮಕ್ಕಳಿಗೆ ಕೌನ್ಸಿಲ್ ಅಂದರೆ ಆಫೀಸು ಮಾತ್ರವಲ್ಲ. ಯಾವ ಮನೆಯಲ್ಲಿ ಮಲಗಬೇಕು, ಅಮ್ಮನನ್ನು ತಿಂಗಳಿಗೆ ಎಷ್ಟು ಸಲ ನೋಡಬಹುದು, ಶಾಲೆ ಬದಲಾಗಬೇಕಾ ಅನ್ನುವುದರಲ್ಲೆಲ್ಲ ಅದರ ಮಾತಿದೆ.

ಇದಕ್ಕೆಲ್ಲ ಬೇರು 1989ರ ಮಕ್ಕಳ ಕಾಯ್ದೆ. ಅದರ ಸೆಕ್ಷನ್ 17 ನೆರವು ಬೇಕಾದ ಮಕ್ಕಳ ಬಗ್ಗೆ. ಸೆಕ್ಷನ್ 20 ಹೆತ್ತವರ ಒಪ್ಪಿಗೆಯ ಮೇಲೆ ಮಗುವಿಗೆ ಬೇರೆ ಕಡೆ ನೆಲೆ ಕೊಡುವ ಬಗ್ಗೆ. ಸೆಕ್ಷನ್ 26 ದೂರಿನ ಬಗ್ಗೆ. ಈಗಿರುವ ಮೂರು ಹಂತದ ದೂರು ವ್ಯವಸ್ಥೆ 2006ರ ನಿಯಮಗಳಿಂದ ಬಂದದ್ದು. ಬೀದಿದೀಪ ಉರಿಯಲಿಲ್ಲ ಅಂತ ಕೊಡುವ ದೂರಿಗೂ ಇದಕ್ಕೂ ಅಜಗಜಾಂತರ. ಬೀದಿದೀಪದ ದೂರಿಗೆ ಕೌನ್ಸಿಲ್ ತನಗೆ ಬೇಕಾದ ನಿಯಮ ಮಾಡಿಕೊಳ್ಳಬಹುದು. ಮಕ್ಕಳ ದೂರಿಗೆ ಹಂತಗಳನ್ನೂ ದಿನಗಳನ್ನೂ ಕಾನೂನೇ ಬರೆದಿಟ್ಟಿದೆ. ಕೌನ್ಸಿಲ್ ಅದನ್ನು ಮೊಟಕು ಮಾಡುವ ಹಾಗಿಲ್ಲ.

ಅಜ್ಜಿ ದೂರು ಕೊಡುತ್ತಾರೆ. ಬರೆದೇ ಕೊಡಬೇಕೆಂದಿಲ್ಲ, ಬಾಯಲ್ಲಿ ಹೇಳಿದರೂ ದೂರೇ. ಘಟನೆ ನಡೆದು ಒಂದು ವರ್ಷದೊಳಗೆ ಕೊಟ್ಟರಾಯಿತು. ಮೊದಲ ಹಂತದಲ್ಲಿ ಉತ್ತರ ಕೊಡುವವರು ಸಾಮಾನ್ಯವಾಗಿ ಆ ಸೋಶಿಯಲ್ ವರ್ಕರ್‌ನ ಮೇಲಿನ ಮ್ಯಾನೇಜರ್. ಅವಧಿ ಕೆಲಸದ 10 ದಿನ, ವಿಷಯ ಜಟಿಲವಾದರೆ 20. ಇಲ್ಲಿ ಬರುವ ಪತ್ರದ ಧಾಟಿ ನಿಮಗೆ ಗೊತ್ತಿರುತ್ತದೆ, ನಮ್ಮ ಬ್ಯಾಂಕು, ಇನ್ಶೂರೆನ್ಸು ಎಲ್ಲ ಕಡೆಯೂ ಅದೇ. "ನಿಮಗೆ ಹಾಗೆ ಅನ್ನಿಸಿದ್ದಕ್ಕೆ ವಿಷಾದ." ತಪ್ಪಾಯಿತು ಅನ್ನುವುದಿಲ್ಲ, ನಿಮಗೆ ಅನ್ನಿಸಿತಲ್ಲ ಅಂತ ಮರುಗುತ್ತಾರೆ. ತಿಪ್ಪೆ ಸಾರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ವಾಕ್ಯ ಯಾವ ಭಾಷೆಯಲ್ಲೂ ಸಿಗಲಿಕ್ಕಿಲ್ಲ. ಹಾಗಂತ ಮೊದಲ ಹಂತ ದಂಡ ಅಂತ ನಾನು ಹೇಳುವುದಿಲ್ಲ. ಒಳ್ಳೆಯ ಮ್ಯಾನೇಜರ್ ಒಬ್ಬರು ಫೋನ್ ಎತ್ತಿ ಮಾತಾಡಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ತಪ್ಪಿಹೋದ ಭೇಟಿ, ಬಾರದ ವರದಿ, ಒರಟು ಮಾತು, ಇಂಥವಕ್ಕೆ ಅದೇ ಸರಿಯಾದ ಜಾಗ.

ನಿಜವಾದ ಬಲ ಇರುವುದು ಎರಡನೇ ಹಂತದಲ್ಲಿ. ಇಲ್ಲಿ ಇಬ್ಬರು ಬರುತ್ತಾರೆ. ಒಬ್ಬರು ತನಿಖೆ ಮಾಡುವವರು, ಆ ವಿಭಾಗದ ಸಾಲಿನಲ್ಲಿ ಕೆಲಸ ಮಾಡದವರು, ಬಹಳ ಸಲ ಹೊರಗಿನಿಂದಲೇ ಬಂದವರು. ಇನ್ನೊಬ್ಬರಿಗೆ ಸ್ವತಂತ್ರ ವ್ಯಕ್ತಿ ಅಂತಲೇ ಹೆಸರು. ಅವರು ಕೌನ್ಸಿಲ್‌ನ ನೌಕರರಾಗಿರುವಂತಿಲ್ಲ. ತನಿಖೆ ನೆಟ್ಟಗೆ ನಡೆಯಿತಾ ಅಂತ ನೋಡುತ್ತ ಕೂರುವುದೇ ಅವರ ಕೆಲಸ. ಇಬ್ಬರೂ ಅಜ್ಜಿಯ ಮನೆಗೆ ಬರುತ್ತಾರೆ, ಸೋಶಿಯಲ್ ವರ್ಕರ್‌ಗಳನ್ನು ಕೂರಿಸಿ ಕೇಳುತ್ತಾರೆ, ಫೈಲು ತೆಗೆಸುತ್ತಾರೆ.

ಫೈಲು ಅಂದೆನಲ್ಲ, ಆಟ ಇರುವುದೇ ಅಲ್ಲಿ. ನಮ್ಮ ಅಜ್ಜಿಯ ವಿಷಯದಲ್ಲಿ ಅದರಲ್ಲಿ ಇಂಥ ಒಂದು ಸಾಲು ಇರಬಹುದು: "ಸಂಜೆ 5.10. ತಾಯಿಯ ತಾಯಿಗೆ ಫೋನ್ ಮಾಡಿದೆ. ಮಕ್ಕಳನ್ನು ಇಟ್ಟುಕೊಳ್ಳಲು ಒಪ್ಪಿದರು. ರಾತ್ರಿ ನಾನೇ ಬಿಟ್ಟು ಬಂದೆ." ಬರೆದವರಿಗೆ ಅದು ದಿನಚರಿ. ಆದರೆ ಕಾನೂನಿನ ಕಣ್ಣಿಗೆ ಆ ಸಾಲು ಬೇರೆಯೇ ಕಾಣುತ್ತದೆ. 2007ರಲ್ಲಿ ಲಂಡನ್ನಿನ ಸದರ್ಕ್ ಕೌನ್ಸಿಲ್ ಪ್ರಕರಣದಲ್ಲಿ ಅಪೀಲು ನ್ಯಾಯಾಲಯ ಒಂದು ಮಾತು ಸ್ಪಷ್ಟ ಮಾಡಿತ್ತು. ಮಗುವಿನ ವಾಸದ ಏರ್ಪಾಡಿನಲ್ಲಿ ಕೌನ್ಸಿಲ್ ದೊಡ್ಡ ಪಾತ್ರ ವಹಿಸಿದ್ದರೆ, ಅದನ್ನು ಸುಮ್ನೆ ಕುಟುಂಬದ ಒಳಗಿನ ಏರ್ಪಾಡು ಅನ್ನಲಾಗದು, ಸೆಕ್ಷನ್ 20ರಡಿ ಕೌನ್ಸಿಲ್ ಕೊಟ್ಟ ನೆಲೆಯೇ ಆಗುವ ಸಾಧ್ಯತೆ ಹೆಚ್ಚು ಅಂತ. ಅದಕ್ಕೂ ಮೊದಲು, 2001ರಲ್ಲಿ ಮ್ಯಾಂಚೆಸ್ಟರ್ ಕೌನ್ಸಿಲ್‌ನ ಇನ್ನೊಂದು ಪ್ರಕರಣ. ಫಾಸ್ಟರ್ ಕೇರ್ ಮಾಡುವವರು ನೆಂಟರು ಅನ್ನುವ ಕಾರಣಕ್ಕೆ ಅವರಿಗೆ ತೀರಾ ಕಡಿಮೆ ದುಡ್ಡು ಕೊಡುತ್ತಿದ್ದ ನೀತಿ ಕಾನೂನಿಗೆ ವಿರುದ್ಧ ಅಂತ ಹೈಕೋರ್ಟ್ ಹೇಳಿತ್ತು. ಎರಡನ್ನೂ ಸೇರಿಸಿ ಓದಿ. ಫೋನ್ ಮಾಡಿದ್ದು ಯಾರು ಅನ್ನುವ ಒಂದೇ ಪ್ರಶ್ನೆಗೆ ಎಂಟು ತಿಂಗಳ ಭತ್ಯೆ ಅಂಟಿಕೊಂಡಿದೆ. ಮೊದಲ ಹಂತದ ಪತ್ರ ಬರೆದ ಮ್ಯಾನೇಜರ್ ಆ ಸಾಲು ಹುಡುಕಲು ಕೂತಿರುವುದಿಲ್ಲ. ಹೊರಗಿನವರು ಹುಡುಕುತ್ತಾರೆ. ಎರಡನೇ ಹಂತ ಬೇಕಾಗಿರುವುದು ಇದಕ್ಕೇ.

ಈ ಹಂತಕ್ಕೆ ಕೆಲಸದ 25 ದಿನ, ತುಂಬಾ ಅಂದರೆ 65. ವರದಿ ಬಂದ ಮೇಲೆ ಕೌನ್ಸಿಲ್‌ನ ಹಿರಿಯ ಅಧಿಕಾರಿ ಒಬ್ಬರು ಒಪ್ಪಿಗೆಯೋ ಅಲ್ಲವೋ ತಿಳಿಸುತ್ತಾರೆ. ಅದೂ ಸಮಾಧಾನ ಆಗದಿದ್ದರೆ ಮೂರನೇ ಹಂತ, ಮೂವರು ಸ್ವತಂತ್ರ ಸದಸ್ಯರ ಸಮಿತಿ. ಅವರು ಹೊಸದಾಗಿ ತನಿಖೆ ಮಾಡುವುದಿಲ್ಲ. ಆಗಿರುವ ತನಿಖೆ ಸರಿ ಇದೆಯಾ ಅಂತ ತೂಗುತ್ತಾರೆ. 30 ದಿನದೊಳಗೆ ಸೇರಬೇಕು, 5 ದಿನದಲ್ಲಿ ಶಿಫಾರಸು ಬರೆಯಬೇಕು, ಕೌನ್ಸಿಲ್ 15 ದಿನದಲ್ಲಿ ಉತ್ತರಿಸಬೇಕು. ಎಲ್ಲವೂ ಕೆಲಸದ ದಿನಗಳೇ, ಶನಿವಾರ ಭಾನುವಾರ ಲೆಕ್ಕಕ್ಕಿಲ್ಲ.

ಕೂಡಿ ನೋಡಿ. 20, 65, 30, 5, 15. ಒಟ್ಟು 135 ದಿನ, ಅಂದರೆ 27 ವಾರ. ಒಂದು ಹಂತ ಮುಗಿದು ಇನ್ನೊಂದು ಕೇಳುವುದಕ್ಕೆ ತಲಾ 20 ದಿನದ ಅವಕಾಶ ಸೇರಿಸಿದರೆ 35 ವಾರ. ಇದು ಎಲ್ಲರೂ ನಿಯಮ ಪಾಲಿಸಿದಾಗಿನ ಮಾತು. ತನಿಖೆ ಮಾಡುವವರು ಸಿಗುವುದೇ ತಡ, ದೂರಿನ ಅಂಶಗಳ ಪಟ್ಟಿಯನ್ನು ಎರಡೂ ಕಡೆಯವರು ಒಪ್ಪಿಕೊಳ್ಳುವುದರಲ್ಲೇ ವಾರಗಳು ಹೋಗುತ್ತವೆ. ದೊಡ್ಡವರ ಆಸ್ತಿ ವ್ಯಾಜ್ಯಕ್ಕೆ ಒಂದು ವರ್ಷ ಏನೂ ಅಲ್ಲ, ನಮಗೆ ಗೊತ್ತಲ್ಲ. ಆದರೆ ಆರು ತಿಂಗಳ ಮಗುವಿಗೆ 35 ವಾರ ಅಂದರೆ ಅದುವರೆಗಿನ ಬದುಕಿಗಿಂತ ಜಾಸ್ತಿ. ಅಷ್ಟರಲ್ಲಿ ಅದು ನಡೆಯಲು ಕಲಿತಿರುತ್ತದೆ, ಬೇರೆ ಯಾರನ್ನೋ ಅಮ್ಮ ಅನ್ನುತ್ತಿರುತ್ತದೆ.

ಇಷ್ಟಾದರೂ ನಿಯಮದ ಪುಸ್ತಕ ಕೆಟ್ಟದ್ದಲ್ಲ. ಜನಸಾಮಾನ್ಯರ ದೂರಿಗೆ ಹೊರಗಿನವರನ್ನು ಕರೆಸಿ ತನಿಖೆ ಮಾಡಿಸುವ ಹಕ್ಕು ಎಷ್ಟು ಇಲಾಖೆಗಳಲ್ಲಿದೆ ಹೇಳಿ? ತೊಂದರೆ ಬೇರೆ ಕಡೆ ಇದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಅದು. ದೂರು ಯಾವ ಬಾಗಿಲಿಗೆ ಹೋಗಬೇಕು ಅಂತ ತೀರ್ಮಾನಿಸುವುದು ದೂರು ಎದುರಿಸುತ್ತಿರುವ ಕೌನ್ಸಿಲೇ. ಅಜ್ಜಿಯ ದೂರು ಬಂದ ದಿನ ಅದನ್ನು ಬೀದಿದೀಪದ ಬುಟ್ಟಿಗೆ, ಅಂದರೆ ಸಾಮಾನ್ಯ ದೂರಿನ ಸಾಲಿಗೆ ಹಾಕಿಬಿಟ್ಟರೆ ಸ್ವತಂತ್ರ ತನಿಖೆಯೂ ಇಲ್ಲ, ಸಮಿತಿಯೂ ಇಲ್ಲ. ಅಜ್ಜಿಗೆ ಅದು ಗೊತ್ತೂ ಆಗುವುದಿಲ್ಲ, ಎರಡು ಪತ್ರ ಬರುತ್ತದೆ, ಮುಗಿಯಿತು ಅಂದುಕೊಳ್ಳುತ್ತಾರೆ. ಇನ್ನೊಂದು ದಾರಿ, "ನಿಮ್ಮ ವಿಷಯಕ್ಕೆ ಉತ್ತರ ಕೊಟ್ಟಾಗಿದೆ, ಎರಡನೇ ಹಂತದಿಂದ ಹೊಸದೇನೂ ಬರುವುದಿಲ್ಲ" ಅಂತ ಅಲ್ಲೇ ನಿಲ್ಲಿಸಿಬಿಡುವುದು. ಒಂಬುಡ್ಸ್‌ಮನ್ ಈ ಬಗ್ಗೆ 2015ರಲ್ಲೇ ಒಂದು ವಿಶೇಷ ವರದಿ ತಂದರು, 2021ರಲ್ಲಿ ಕೌನ್ಸಿಲ್ ಸಿಬ್ಬಂದಿಗಾಗಿಯೇ ಕೈಪಿಡಿ ಬರೆದರು. ಮಕ್ಕಳ ದೂರು ಅಂತ ಮೊದಲ ಹಂತಕ್ಕೆ ಒಮ್ಮೆ ಒಪ್ಪಿಕೊಂಡ ಮೇಲೆ, ದೂರುದಾರರು ಕೇಳಿದರೆ ಮುಂದಿನ ಹಂತ ಕೊಡಲೇಬೇಕು ಅಂತ ಅದರಲ್ಲಿ ಬಿಡಿಸಿ ಹೇಳಿದ್ದಾರೆ.

ಕೌನ್ಸಿಲ್‌ಗಳು ಯಾಕೆ ಹೀಗೆ ಮಾಡುತ್ತವೆ? ಎಲ್ಲವೂ ದುರುದ್ದೇಶ ಅಂತ ನಾನು ನಂಬುವುದಿಲ್ಲ. ಹೊರಗಿನ ತನಿಖೆಗೆ ದುಡ್ಡು ಬೇಕು. ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್‌ನಂಥ ದೊಡ್ಡ ಕೌನ್ಸಿಲ್‌ಗಳೇ 2023ರಲ್ಲಿ ಲೆಕ್ಕ ಸರಿದೂಗಿಸಲಾಗುತ್ತಿಲ್ಲ ಅಂತ ಸೆಕ್ಷನ್ 114 ನೋಟಿಸ್ ಹೊರಡಿಸಿ ಕೈಚೆಲ್ಲಿದವು. ಸೋಶಿಯಲ್ ವರ್ಕರ್‌ಗಳು ನಿಲ್ಲುವುದಿಲ್ಲ, ದೂರು ಕೊಟ್ಟ ಹೊತ್ತಿಗೆ ಆ ಫೋನ್ ಮಾಡಿದವರು ಬೇರೆ ಊರಿಗೆ ಹೋಗಿರುತ್ತಾರೆ. ದೂರು ವಿಭಾಗ ಅಂದರೆ ಬಹಳ ಕಡೆ ಒಂದು ಸಣ್ಣ ತಂಡ. ಇದೆಲ್ಲ ನಿಜ. ಆದರೆ ಉಳಿತಾಯ ಯಾವ ಜಾಗದಲ್ಲಿ ಆಗುತ್ತಿದೆ ನೋಡಿ. ಇಡೀ ವ್ಯವಸ್ಥೆಯಲ್ಲಿ ಕೌನ್ಸಿಲ್‌ನ ಹಿಡಿತಕ್ಕೆ ಸಿಗದೆ ಇರುವುದು ಆ ಹೊರಗಿನ ಇಬ್ಬರು ಮತ್ತು ಗಡಿಯಾರ. ಕತ್ತರಿ ಬೀಳುವುದು ಸರಿಯಾಗಿ ಅವೆರಡರ ಮೇಲೆ.

ಹೊರಗಿನವರು ಯಾಕೆ ಬೇಕು ಅಂತ ಇಂಗ್ಲೆಂಡ್ ಕಲಿತದ್ದು ಸುಲಭದಲ್ಲಿ ಅಲ್ಲ. ಸ್ಟಾಫರ್ಡ್‌ಶೈರ್ ಕೌಂಟಿಯ ಮಕ್ಕಳ ಮನೆಗಳಲ್ಲಿ 1983ರಿಂದ 1989ರವರೆಗೆ 'ಪಿನ್‌ಡೌನ್' ಅನ್ನುವ ಶಿಸ್ತಿನ ಪದ್ಧತಿ ಇತ್ತು. ಮಗುವನ್ನು ರಾತ್ರಿಯುಡುಪಿನಲ್ಲೇ ಒಂದು ಖಾಲಿ ಕೋಣೆಯಲ್ಲಿ ದಿನಗಟ್ಟಲೆ ಒಂಟಿಯಾಗಿ ಇಡುವುದು. ಕಡಿಮೆ ಅಂದರೂ 132 ಮಕ್ಕಳು ಅದನ್ನು ಅನುಭವಿಸಿದರು ಅಂತ 1991ರ ತನಿಖಾ ವರದಿ ಹೇಳಿತು. ಅದು ಗುಟ್ಟಾಗಿ ನಡೆದದ್ದೂ ಅಲ್ಲ, ಸಿಬ್ಬಂದಿ ದಿನಚರಿ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಒಳಗಿನವರಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ.

ಇನ್ನೊಂದು ಹೆಸರು ಲ್ಯಾಂಬೆತ್. ಕನ್ನಡಿಗರಿಗೆ ಈ ಹೆಸರು ಗೊತ್ತಿರುವುದು ಬಸವಣ್ಣನಿಂದ. ಥೇಮ್ಸ್ ದಡದಲ್ಲಿ ಬಸವೇಶ್ವರರ ಪ್ರತಿಮೆ ಇರುವುದು ಈ ಕೌನ್ಸಿಲ್ ವ್ಯಾಪ್ತಿಯಲ್ಲೇ. ಅದು ಅನಾವರಣ ಆದದ್ದು 2015ರ ನವೆಂಬರ್ 14, ನಮ್ಮಲ್ಲಿ ಮಕ್ಕಳ ದಿನಾಚರಣೆ. ಲಂಡನ್ನಿಗೆ ಹೋದ ನಮ್ಮವರು ಅಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅದೇ ಲ್ಯಾಂಬೆತ್ ಬಗ್ಗೆ 2021ರ ಜುಲೈನಲ್ಲಿ ಮಕ್ಕಳ ಲೈಂಗಿಕ ಶೋಷಣೆ ಕುರಿತ ಸ್ವತಂತ್ರ ವಿಚಾರಣಾ ಆಯೋಗ ಕೊಟ್ಟ ವರದಿಯನ್ನು ಓದುವುದು ಕಷ್ಟ. ಶರ್ಲಿ ಓಕ್ಸ್ ಸೇರಿ ಮೂರು ಮಕ್ಕಳ ಮನೆಗಳಲ್ಲಿ ಹಿಂದೆ ಇದ್ದವರ ಪೈಕಿ 705 ಮಂದಿ ದೌರ್ಜನ್ಯದ ದೂರು ಹೇಳಿಕೊಂಡಿದ್ದು 2020ರ ಹೊತ್ತಿಗೆ ಕೌನ್ಸಿಲ್‌ಗೆ ತಿಳಿದಿತ್ತು. ನಲವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಇದಕ್ಕಾಗಿ ಕ್ರಮ ಎದುರಿಸಿದ ಹಿರಿಯ ಅಧಿಕಾರಿ ಒಬ್ಬರೇ ಒಬ್ಬರು. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಹೊಲ ಯಾರ ಹತ್ತಿರ ಹೇಳಿಕೊಳ್ಳಬೇಕು? ಆ ಮಕ್ಕಳಲ್ಲಿ ಎಷ್ಟೋ ಜನ ಆಗಲೇ ಬಾಯಿಬಿಟ್ಟು ಹೇಳಿದ್ದರು. ನಂಬಲಿಲ್ಲ.

ಅಜ್ಜಿಯ ಭತ್ಯೆಯ ದೂರನ್ನೂ ಆ ಘೋರವನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಅಪರಾಧ ಅನ್ನಿಸಿದ್ದು ಪೊಲೀಸರ ಬಳಿ ಹೋಗಬೇಕು, ದೂರು ವಿಭಾಗಕ್ಕಲ್ಲ. ಆದರೆ ಸಣ್ಣ ದೂರು ಕೇಳುವ ಅಭ್ಯಾಸ ಇಲ್ಲದ ಆಫೀಸು ದೊಡ್ಡ ದೂರು ಬಂದಾಗ ದಿಢೀರಂತ ಕಿವಿ ತೆರೆಯುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ಮಕ್ಕಳೇ ದೂರು ಕೊಡಬಹುದಾ? ಖಂಡಿತ, ಕಾನೂನಿನಲ್ಲಿ ಮೊದಲ ಹಕ್ಕು ಅವರದೇ. ಹೆತ್ತವರು, ಫಾಸ್ಟರ್ ಕೇರ್ ಮಾಡುವವರು, ಆರೈಕೆ ಮುಗಿಸಿ ಹೊರಬಂದ ಯುವಜನ, ಮಗುವಿನ ಬಗ್ಗೆ ನಿಜವಾದ ಕಾಳಜಿ ಇರುವ ಬೇರೆಯವರೂ ಕೊಡಬಹುದು. ಮಗು ದೂರು ಕೊಟ್ಟರೆ ಅದರ ಪರವಾಗಿ ಮಾತಾಡಲು ಒಬ್ಬ ಅಡ್ವೊಕೇಟ್ ಒದಗಿಸುವುದು ಕೌನ್ಸಿಲ್ ಕರ್ತವ್ಯ. ಅಡ್ವೊಕೇಟ್ ಅಂದರೆ ಇಲ್ಲಿ ಕರಿಕೋಟಿನ ವಕೀಲರಲ್ಲ, ಮಗುವಿನ ಮಾತನ್ನು ಮಗು ಹೇಳಿದ ಹಾಗೇ ಮುಟ್ಟಿಸುವವರು. ಆದರೂ ಹನ್ನೆರಡು ವರ್ಷದ ಹುಡುಗಿಯ ಜಾಗದಲ್ಲಿ ನಿಂತು ಯೋಚಿಸಿ. ಯಾರ ಮೇಲೆ ದೂರು ಕೊಡಬೇಕೋ ಅವರೇ ನಾಳೆ ಅವಳನ್ನು ಅಮ್ಮನ ಭೇಟಿಗೆ ಕಾರಿನಲ್ಲಿ ಕರೆದೊಯ್ಯಬೇಕಾದವರು. ತಮ್ಮನಿಂದ ಬೇರೆ ಮಾಡಿಬಿಟ್ಟರೆ ಅನ್ನುವ ಹೆದರಿಕೆ ಬೇರೆ. ಅವಳು ಅರ್ಜಿ ತುಂಬುವುದಿಲ್ಲ. ಊಟ ಬಿಡುತ್ತಾಳೆ, ಶಾಲೆಯಲ್ಲಿ ಜಗಳ ತೆಗೆಯುತ್ತಾಳೆ, ರಾತ್ರಿ ಹೇಳದೆ ಹೊರಟುಹೋಗುತ್ತಾಳೆ. ಅದನ್ನು ಫೈಲಿನಲ್ಲಿ ವರ್ತನೆಯ ಸಮಸ್ಯೆ ಅಂತ ಬರೆಯುತ್ತಾರೆ. ಅದೂ ದೂರು ಅಂತ ಗುರುತಿಸುವ ಕಣ್ಣು ಯಾವ ನಿಯಮದಿಂದಲೂ ಬರುವುದಿಲ್ಲ.

ಮೂರೂ ಹಂತ ಮುಗಿದ ಮೇಲೆ ಒಂಬುಡ್ಸ್‌ಮನ್. ಪೂರ್ತಿ ಹೆಸರು ಸ್ಥಳೀಯ ಸರ್ಕಾರ ಮತ್ತು ಸಾಮಾಜಿಕ ಆರೈಕೆಯ ಒಂಬುಡ್ಸ್‌ಮನ್, 1974ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ. ಫೀಸು ಇಲ್ಲ, ವಕೀಲರು ಬೇಕಿಲ್ಲ. ಇವರ ಶಿಫಾರಸನ್ನು ಪಾಲಿಸಲೇಬೇಕು ಅಂತ ಕಾನೂನಿಲ್ಲ, ಆದರೂ ನೂರಕ್ಕೆ 99ಕ್ಕೂ ಹೆಚ್ಚು ಸಲ ಕೌನ್ಸಿಲ್‌ಗಳು ಪಾಲಿಸುತ್ತವೆ. ಮುಖ ಉಳಿಸಿಕೊಳ್ಳುವ ವಿಷಯ, ಅಲ್ವಾ? ಬಹಿರಂಗ ವರದಿ ಹೊರಬಿದ್ದರೆ ಅದನ್ನು ಚುನಾಯಿತ ಸದಸ್ಯರ ಮುಂದೆ ಇಡಬೇಕು, ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ನಮ್ಮ ಅಜ್ಜಿಯಂಥವರಿಗೆ ಹಿಂದಿನ ದಿನಾಂಕದಿಂದ ಭತ್ಯೆ ಲೆಕ್ಕ ಹಾಕಿ ಕೊಡಿ ಅಂತ ಒಂಬುಡ್ಸ್‌ಮನ್ ಹೇಳಿದ್ದುಂಟು. ಅದು ಸಣ್ಣ ಮೊತ್ತ ಅಲ್ಲ. ಆದರೆ ಬರೀ ತಡ ಆಯಿತು, ಮನಸ್ಸಿಗೆ ನೋವಾಯಿತು ಅನ್ನುವುದಕ್ಕೆ ಬರುವುದು ಸಾಮಾನ್ಯವಾಗಿ ಕೆಲವು ನೂರು ಪೌಂಡು. ಮೂಗಿಗೆ ತುಪ್ಪ.

ಇಲ್ಲೊಂದು ವಿಚಿತ್ರವೂ ಇದೆ. ಕೌನ್ಸಿಲ್ ಎರಡನೇ ಹಂತ ನಿರಾಕರಿಸಿತು ಅಂತ ನೀವು ಒಂಬುಡ್ಸ್‌ಮನ್ ಬಳಿ ಹೋದರೆ, ಅವರು ಮೂಲ ವಿಷಯವನ್ನು ತಾವೇ ಕೈಗೆತ್ತಿಕೊಳ್ಳುವುದು ಕಡಿಮೆ. ನಿರಾಕರಿಸಿದ್ದು ತಪ್ಪು, ಹೋಗಿ ಎರಡನೇ ಹಂತ ನಡೆಸಿ ಅಂತ ಕೌನ್ಸಿಲ್‌ಗೇ ಹೇಳುತ್ತಾರೆ. ನೀವು ಗೆದ್ದಿರಿ. ಗೆದ್ದು ಬಂದು ನಿಂತದ್ದು ಆರು ತಿಂಗಳ ಹಿಂದೆ ನಿಂತಿದ್ದ ಜಾಗದಲ್ಲೇ. ತತ್ವಕ್ಕೆ ಇದು ಸರಿ ಇರಬಹುದು, ಒಂಬುಡ್ಸ್‌ಮನ್ ತಾನೇ ತನಿಖೆ ಶುರು ಮಾಡಿದರೆ ಕೌನ್ಸಿಲ್‌ಗೆ ಕೆಲಸ ತಪ್ಪಿಸಿಕೊಳ್ಳಲು ಇನ್ನೂ ಸಲೀಸು. ಆದರೂ ನನ್ನ ಮಟ್ಟಿಗೆ ಇದು ಈ ವ್ಯವಸ್ಥೆಯ ಅತಿ ದುರ್ಬಲ ಜಾಗ. ತಪ್ಪು ಬಾಗಿಲು ತೋರಿಸಿದ ಕೌನ್ಸಿಲ್‌ಗೆ ಆಗುವ ನಷ್ಟಕ್ಕಿಂತ ಸಿಗುವ ಸಮಯವೇ ಜಾಸ್ತಿ.

ಕೋರ್ಟಿನ ವಿಷಯ ಮಾತ್ರ ಬೇರೆ. ನ್ಯಾಯಾಧೀಶರು ಕೊಟ್ಟ ಆದೇಶವನ್ನು ಯಾವ ದೂರಿನಿಂದಲೂ ಬದಲಿಸಲಾಗದು, ಕೋರ್ಟಿಗೆ ಸೋಶಿಯಲ್ ವರ್ಕರ್ ಕೊಟ್ಟ ಸಾಕ್ಷ್ಯವನ್ನು ಒಂಬುಡ್ಸ್‌ಮನ್ ಮುಟ್ಟುವಂತಿಲ್ಲ. ಮಗು ಅಪಾಯದಲ್ಲಿದೆಯಾ ಅಂತ ವಿಚಾರಿಸಲು ಬರುವ ಸೆಕ್ಷನ್ 47 ತನಿಖೆಯ ದೂರು ಕೂಡ ಈ ಮೂರು ಹಂತದ ದಾರಿಗೆ ಬರುವುದಿಲ್ಲ, ಕೌನ್ಸಿಲ್‌ನ ಸಾಮಾನ್ಯ ದಾರಿಗೆ ಹೋಗುತ್ತದೆ. ಅಂದರೆ ಮನೆಮಂದಿಯನ್ನು ಅತಿ ಹೆಚ್ಚು ನಡುಗಿಸುವ ಭೇಟಿಗೇ ಈ ಕಾವಲು ಇಲ್ಲ.

ಅಲ್ಲಿ ನೆಲೆಸಿರುವ ನಮ್ಮವರಿಗೆ ಸೆಕ್ಷನ್ 47 ಹೊಸ ಶಬ್ದವೇನಲ್ಲ. ಮಗು ಶಾಲೆಯಲ್ಲಿ "ಅಪ್ಪ ಹೊಡೆದರು" ಅಂದರೆ ಸಾಕು, ಸಂಜೆಗೆ ಬಾಗಿಲು ಬಡಿಯಬಹುದು. ಆಗ ಎರಡು ತಪ್ಪು ಆಗುತ್ತವೆ. ಒಂದು, ಇಂಗ್ಲಿಷ್ ತಡವರಿಸುವ ಅತ್ತೆ ಮಾವನಿಗೆ ಮನೆಯ ಮಗುವೇ ಅನುವಾದ ಮಾಡುವುದು. ತನ್ನ ಬಗ್ಗೆಯೇ ನಡೆಯುವ ವಿಚಾರಣೆಗೆ ಒಂದು ಮಗು ದುಭಾಷಿ! ಕನ್ನಡ ದುಭಾಷಿ ಬೇಕು ಅಂತ ಕೇಳಬಹುದು, ಕೇಳಲೇಬೇಕು. ಇನ್ನೊಂದು, ದೂರು ಕೊಟ್ಟರೆ ವೀಸಾಕ್ಕೆ ಕಲ್ಲು ಬೀಳುತ್ತದೆ ಅನ್ನುವ ಭಯದಲ್ಲಿ ಬಾಯಿ ಮುಚ್ಚಿಕೊಳ್ಳುವುದು. ದೂರು ಕೊಡುವುದೂ ವೀಸಾ ಅರ್ಜಿಯೂ ಬೇರೆ ಬೇರೆ. ಗಮನ ಕೊಡಬೇಕಾದ ಜಾಗ ಒಂದಿದೆ. ವೀಸಾದ ಮೇಲೆ ಸರ್ಕಾರಿ ನೆರವು ಇಲ್ಲ ಅಂತ ಬರೆದಿರುವ ಕುಟುಂಬವೂ ಮಗುವಿನ ಸಲುವಾಗಿ ಸೆಕ್ಷನ್ 17ರ ಸಹಾಯ ಕೇಳಬಹುದು, ಏಕೆಂದರೆ ಅದು ಆ ನಿಷೇಧದ ಪಟ್ಟಿಯಲ್ಲಿಲ್ಲ. ಹಾಗೆ ಕೇಳಿದಾಗ ಕೌನ್ಸಿಲ್ ಸಾಮಾನ್ಯವಾಗಿ ಗೃಹ ಇಲಾಖೆಯಲ್ಲಿ ನಿಮ್ಮ ವೀಸಾ ಸ್ಥಿತಿ ವಿಚಾರಿಸುತ್ತದೆ. ವಲಸೆ ವಕೀಲರ ಹತ್ತಿರ ಮಾತಾಡಿಯೇ ಹೆಜ್ಜೆ ಇಡುವುದು ಒಳ್ಳೆಯದು.

ನಮ್ಮ ಅಜ್ಜಿ ಈಗ ಎಲ್ಲಿದ್ದಾರೆ? ಅಡುಗೆಮನೆಯ ಮೇಜಿನ ಮೇಲೆ ಮೊದಲ ಹಂತದ ಪತ್ರ ಇದೆ, ವಿಷಾದದ ವಾಕ್ಯ ಸಮೇತ. ಪಕ್ಕದಲ್ಲಿ ಮೊಮ್ಮಗನ ಲೆಕ್ಕದ ಪುಸ್ತಕ. ಪತ್ರ ಬಂದ ತಾರೀಖನ್ನು ಅವರು ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ, ಅಲ್ಲಿಂದ ಕೆಲಸದ 20 ದಿನ ಎಣಿಸುತ್ತಾರೆ. ಆಮೇಲೆ ಒಂದು ಇಮೇಲ್, ಮೂರೇ ಸಾಲು: "1989ರ ಮಕ್ಕಳ ಕಾಯ್ದೆಯ ಸೆಕ್ಷನ್ 26ರಡಿ ನನ್ನ ದೂರನ್ನು ಎರಡನೇ ಹಂತಕ್ಕೆ ಒಯ್ಯಿರಿ. ತನಿಖೆ ಮಾಡುವವರ ಮತ್ತು ಸ್ವತಂತ್ರ ವ್ಯಕ್ತಿಯ ಹೆಸರು ತಿಳಿಸಿ. ಆ ಶುಕ್ರವಾರ ಸಂಜೆಯ ಫೋನ್ ಕರೆಯ ಬಗ್ಗೆ ಫೈಲಿನಲ್ಲಿ ಏನು ಬರೆದಿದೆ ಅಂತ ಅವರು ನೋಡಲಿ."